ಮೊದಲ ಕತ್ತರಿ

ತರೀಕೆರೆ
ಗುರುವಾರ, ೨೬ ಸೆಪ್ಟೆಂಬರ್ ೨೦೨೪

ಪ್ರೀತಿಯ ಶಮ್ಶು,

ಸಲಾಂ. ನಿನ್ನ ಮೊಣಕಾಲು ನೋವು ಹೇಗಿದೆ? ಅಲ್ಫಿಯಾ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೋ ಇಲ್ಲವೋ? ಮಗು ನೆಮ್ಮದಿಯಾಗಿ ಮಲಗುತ್ತದೆಯೋ, ಇಲ್ಲ ತಾತನ ಹಾಗೆ ಒಂದೇ ಸಮ ಕೈಕಾಲು ಆಡಿಸುತ್ತಿರುತ್ತದೆಯೋ? ನಾನು ಫೋನು ಮಾಡಿದಾಗಲೆಲ್ಲ ಮಗು ಎದ್ದುಬಿಡುತ್ತದೆ ಎಂದು ರೇಗಿದೆಯಲ್ಲ, "ಗಳಿಗೆಗೊಂದ್ಸಲ ಫೋನ್ ಮಾಡ್ಬೇಡ್ರೀ, ಹೇಳೋದಿದ್ರೆ ಬರ್ದು ಕಳಿಸ್ರಿ" ಅಂತ, ಅದಕ್ಕೇ ಬರೆಯಲು ಕೂತಿದ್ದೇನೆ. ನೀನು ತಮಾಷೆಗೆ ಹೇಳಿದ್ದಿರಬಹುದು. ನನಗೆ ತಮಾಷೆ ಅರ್ಥವಾಗುವುದಿಲ್ಲ ಎಂದು ಇಷ್ಟು ವರ್ಷ ಬಾಳಿದ ನಿನಗೆ ಹೊಸದಾಗಿ ಹೇಳಬೇಕೆ? ಮನೆಯಲ್ಲಿ ಆಡುವುದು ನಮ್ಮ ದಖ್ನಿಯಾದರೂ ಪೆನ್ನು ಹಿಡಿದರೆ ನನಗೆ ಬರುವುದು ಕನ್ನಡವೇ. ನೀನೂ ಯಗಟಿ ಶಾಲೆಯಲ್ಲಿ ಕನ್ನಡ ಓದಿದವಳು. ಯಾರ ಕೈಗೂ ಕೊಡದೆ ನೀನೇ ಓದಿಕೋ.

ಮೊನ್ನೆ ಅಳಿಯ ತಾಹಾ ಫೋನು ಮಾಡಿದ್ದ. "ಮಾವಾ, ಮುಂದಿನ ತಿಂಗ್ಳು ಅಲ್ಫಿಯಾ ಡ್ಯೂಟಿಗೆ ಹೋಗ್ಬೇಕು, ಅಮ್ಮಿ ಇಲ್ಲೇ ಇದ್ಬಿಟ್ರೆ ನಮ್ಗೊಂದು ಧೈರ್ಯ" ಅಂದ. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಳ್ಳೆಯ ಹುಡುಗ, ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೊತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬಾಣಂತನಕ್ಕೆಂದು ಕಡೂರಿಗೆ ಹೋದವಳು ಅಲ್ಲೇ ಉಳಿದುಬಿಟ್ಟರೆ ಏನು ಮಾಡಲಿ? ಇರಲಿ, ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಅಂಗಡಿಯ ಸುದ್ದಿ.

ಕಲ್ಯಾಣ ಮಂಟಪಗಳು ಎದ್ದ ಮೇಲೆ ನಮ್ಮ ಶಾಮಿಯಾನಾ ಕೇಳುವವರಿಲ್ಲವೆಂದು ನಾವಿಬ್ಬರೂ ಯೋಚಿಸಿ ಸಣ್ಣ ಸಣ್ಣ ಕ್ಯಾಂಪಿಂಗ್ ಟೆಂಟುಗಳನ್ನು ತರಿಸಿದೆವಲ್ಲ, ಅವಕ್ಕೆ ಕೊನೆಗೂ ಗಿರಾಕಿ ಸಿಕ್ಕಿದರು. ಶಾಲೆಯೊಂದರ ವಿಜ್ಞಾನದ ಟೀಚರು, ನಿಶ್ಚಿತಾ ಮೇಡಂ ಅಂತ. ಮಕ್ಕಳಿಗೆ ಹಕ್ಕಿ ತೋರಿಸಲು ಬುಕ್ಕಾಂಬುಧಿ ಕೆರೆಯ ಹತ್ತಿರ ಹೋದ ಶನಿವಾರ ಕ್ಯಾಂಪು ಇಟ್ಟಿದ್ದರು. ನಾನೂ ನಮ್ಮ ಅಂಗಡಿಯ ಆಳು ಅಂಜಿನಪ್ಪನೂ ಟೆಂಪೋದಲ್ಲಿ ಟೆಂಟು ಹೇರಿಕೊಂಡು ಹೋದೆವು. ನನಗೆ ಬಹಳ ಖುಷಿಯಾಗಿತ್ತು ಶಮ್ಶು, ಮದುವೆ ಮನೆಗೆ ಚಪ್ಪರ ಹಾಕುವಷ್ಟೇ ಮುತುವರ್ಜಿಯಿಂದ ಹಾಕಿದೆ. ಟೆಂಟಿನ ಕೆಳಗೆ ಹಾಸುವ ಪ್ಲಾಸ್ಟಿಕ್ ನೆಲಹಾಸನ್ನು ನಮ್ಮ ಪದ್ಧತಿಯಂತೆ ಸುತ್ತಲೂ ಒಂದೊಂದು ಮೊಳ ಆಚೆಗೆ ಬಿಟ್ಟು ಹಾಸಿದೆ. ಅಪ್ಪ ಹೇಳುತ್ತಿದ್ದರಲ್ಲ, "ಬಂದೋರು ಚಪ್ಲಿ ಬಿಟ್ಟ ಕೂಡ್ಲೆ ಕಾಲು ಬಟ್ಟೆ ಮೇಲೆ ಬೀಳ್ಬೇಕು, ಮಣ್ಣಿನ ಮೇಲಲ್ಲ" ಅಂತ. ಅವರ ಕಾಲದಿಂದ ಈ ಊರಿನಲ್ಲಿ ನಮ್ಮ ಶಾಮಿಯಾನಾಕ್ಕೆ ಹೆಸರು ಬಂದದ್ದೇ ಆ ಒಂದು ಮೊಳದಿಂದ.

ಸಂಜೆ ಮಳೆ ಹುಯ್ಯಿತು. ಟೆಂಟಿನ ಮೇಲೆ ಬಿದ್ದ ನೀರೆಲ್ಲ ಜಾರಿ ನಾನು ಆಚೆಗೆ ಬಿಟ್ಟ ಆ ಒಂದು ಮೊಳದ ಮೇಲೆ ನಿಂತು, ಅಲ್ಲಿಂದ ಸೀದಾ ಟೆಂಟಿನ ತಳಕ್ಕೆ ನುಗ್ಗಿತು. ಮೇಲಿಂದ ಒಂದು ಹನಿ ಸೋರಲಿಲ್ಲ, ಕೆಳಗಿನಿಂದಲೇ ಎಲ್ಲ ತೊಪ್ಪೆಯಾಯಿತು. ಸಾಲದ್ದಕ್ಕೆ ನೆಲದ ಜಾಲಿ ಮುಳ್ಳು ಆರಿಸದೆ ಹಾಸಿದ್ದೆವು, ಹಾಸಿನ ತುಂಬ ತೂತು. ಮಕ್ಕಳನ್ನೆಲ್ಲ ಒದ್ದೆ ಹೊದಿಕೆಗಳ ಸಮೇತ ಊರಿನ ಶಾಲೆಯ ಜಗಲಿಗೆ ಸಾಗಿಸಬೇಕಾಯಿತು. ಮೇಡಂ ಸೊಂಟಕ್ಕೆ ಕೈಯಿಟ್ಟು ನಿಂತು, "ಏನ್ ಸಾರ್ ಇದು, ಟೆಂಟಿನ ಕೆಳಗೆ ತಟ್ಟೆ ಇಟ್ಟಂಗೆ ಹಾಸಿದ್ದೀರಲ್ಲ! ಹಾಸು ಟೆಂಟಿಗಿಂತ ಚಿಕ್ಕದಿರ್ಬೇಕು, ಎಲ್ಲೂ ಆಚೆ ಕಾಣ್ಬಾರ್ದು" ಅಂದರು. ಮಕ್ಕಳ ಎದುರು ತಲೆ ತಗ್ಗಿಸಿ ನಿಂತೆ. ನಾಚಿಕೆಯಾಯಿತು. ಒಳಗೊಳಗೆ ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಆದರೂ ಆ ಹೆಣ್ಣುಮಗಳು ದೊಡ್ಡ ಮನಸ್ಸಿನವಳು. ಬರುವ ಭಾನುವಾರ ಇನ್ನೊಂದು ಗುಂಪು ಮಕ್ಕಳಿದ್ದಾರೆ, ಸರಿಯಾಗಿ ಹಾಕಿಕೊಟ್ಟರೆ ವರ್ಷವಿಡೀ ನಿಮ್ಮ ಕಡೆಯೇ ಎಂದರು.

ಸ್ವಲ್ಪ ತಡೆ, ಮೋಡ ಮುಚ್ಚಿಕೊಂಡು ಬರುತ್ತಿದೆ, ತಾರಸಿ ನೋಡಿ ಬರುತ್ತೇನೆ.

ಬಂದೆ. ಏನೂ ಇಲ್ಲ, ಬರೀ ಗಾಳಿ. ಕಾಸಿಟ್ಟ ಚಹಾ ತಣ್ಣಗಾಗಿದೆ. ನೀನಿದ್ದಿದ್ದರೆ "ನಿಮ್ ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ದೀರೇನ್ರೀ" ಎಂದು ಬೈಯುತ್ತಿದ್ದೆ. ಬೈಯುವವರೂ ಇಲ್ಲದ ಮನೆ ಎಂಥ ಮನೆಯೋ. ಎಲ್ಲಿಗೆ ಬಂದಿದ್ದೆ? ಹಾಂ, ಹಾಸು ತೊಳೆದದ್ದು. ಮಳೆಯಲ್ಲಿ ನೆಂದದ್ದನ್ನು ಅವಸರದಲ್ಲಿ ಹಾಗೇ ಮಡಿಸಿ ಟೆಂಪೋಗೆ ತುಂಬಿದ್ದೆವು. ಮನೆಗೆ ಬಂದು ಅದನ್ನು ಮರೆತೇಬಿಟ್ಟೆ, ಆಮೇಲೆ ಬಿಚ್ಚಿ ನೋಡಿದರೆ ಮುಗ್ಗಲು ವಾಸನೆ, ಮಡಿಕೆ ಮಡಿಕೆಗೂ ಬೂಷ್ಟು. ಶಾಮಿಯಾನಾ ಬಟ್ಟೆಗೆ ನೀನು ಏನು ಮಾಡುತ್ತಿದ್ದೆಯೋ ಅದನ್ನೇ ಮಾಡಿದೆ. ಹಂಡೆಯಲ್ಲಿ ನೀರು ಕುದಿಸಿ, ವಾಷಿಂಗ್ ಸೋಡ ಸುರಿದು, ಬ್ರಷ್ಷಿನಲ್ಲಿ ತಿಕ್ಕಿದೆ. ಅಂಜಿನಪ್ಪ "ಇನ್ನೊಂಚೂರು ಒತ್ತಿ ಸಾಹೇಬ್ರೇ" ಎಂದು ಹುರಿದುಂಬಿಸುತ್ತಿದ್ದ. ಕೊಳೆಯ ಜೊತೆಗೆ ನೀರು ತಡೆಯುವ ಪದರವೂ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಆಮೇಲೆ ಮೇಡಂಗೆ ಫೋನು ಮಾಡಿ ಕೇಳಿದರೆ ತಣ್ಣೀರಿನಲ್ಲಿ, ಸ್ವಲ್ಪವೇ ಸ್ವಲ್ಪ ಸೋಪು ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಎರಡೂ ಮಗ್ಗುಲು ನೆರಳಿನಲ್ಲಿ ಒಣಗಿಸಬೇಕಂತೆ. ಮಗುವಿಗೆ ನೀರು ಹಾಕಿದ ಹಾಗೆ. ನೀನಿದ್ದಿದ್ದರೆ ತಿಕ್ಕುವ ಮೊದಲು ಒಂದು ಮೂಲೆಯಲ್ಲಿ ಉಜ್ಜಿ ನೋಡುತ್ತಿದ್ದೆ, ನನಗೆ ಗೊತ್ತು. ಉಳಿದ ಎರಡು ಹಾಸನ್ನು ಹಾಗೆ ತೊಳೆದು ತಾರಸಿಯ ತಗಡಿನ ಕೆಳಗೆ ಹರವಿದ್ದೇನೆ. ಬೆಳಗ್ಗಿನಿಂದ ಎಷ್ಟು ಸಲ ಮೇಲೆ ಹತ್ತಿ ಮುಟ್ಟಿ ನೋಡಿದೆನೋ.

ಹಾಳಾದವಕ್ಕೆ ಬದಲು ದಪ್ಪನೆಯ ಹೊಸ ಟಾರ್ಪಾಲು ತಂದಿದ್ದೇನೆ, ಒಂದು ಸುರುಳಿ. ಟೆಂಟಿನ ಅಳತೆಗಿಂತ ಸುತ್ತಲೂ ನಾಲ್ಕು ಬೆರಳು ಕಡಿಮೆ ಮಾಡಿ ಕತ್ತರಿಸಬೇಕು, ಅಂಚು ಹೊಲಿಯಬೇಕು. ಅಪ್ಪನ ಒಂದು ಮೊಳ ಆಚೆ ಹೋಗಿ ನಾಲ್ಕು ಬೆರಳು ಒಳಗೆ ಬಂತು, ಅವರಿದ್ದಿದ್ದರೆ ಒಂದು ವಾರ ಮಾತು ಬಿಡುತ್ತಿದ್ದರು. ಅಂಜಿನಪ್ಪ ನೆಲದ ಮೇಲೆ ಹರವಿ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟು ಎರಡು ದಿನವಾಯಿತು. ಅಂಗಡಿಯಲ್ಲಿ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೇವೆ. ಇನ್ನೂ ಕತ್ತರಿಸಿಲ್ಲ.

ಯಾಕೆಂದು ನಿನಗೆ ಗೊತ್ತು. ನೀನು ಮದುವೆಯಾಗಿ ಬಂದ ಹೊಸದರಲ್ಲಿ ಅಪ್ಪ ಶಾಮಿಯಾನಾ ಬಟ್ಟೆಯ ಹೊಸ ಥಾನು ಬಿಚ್ಚಿ, "ಬೇಟಿ, ಬಿಸ್ಮಿಲ್ಲಾ ಅನ್ನು, ನಿನ್ ಕೈಯಲ್ಲೇ ಹಾಕು" ಎಂದು ಕತ್ತರಿಯನ್ನು ನಿನ್ನ ಮುಂದಿಟ್ಟರು. ಆ ವರ್ಷ ನಮ್ಮ ಶಾಮಿಯಾನಾ ಮದುವೆಯಿಂದ ಮದುವೆಗೆ ಹೋಯಿತೇ ಹೊರತು ಗೋಡೌನಿಗೆ ಬರಲಿಲ್ಲ. ಅಂದಿನಿಂದ ಈ ಅಂಗಡಿಯ ಯಾವ ಬಟ್ಟೆಗೂ ನಿನ್ನ ಕೈಯ ಮೊದಲ ಕತ್ತರಿ ಬೀಳದೆ ಬೇರೆಯವರ ಕತ್ತರಿ ಬಿದ್ದದ್ದಿಲ್ಲ. ನಿನಗೆ ಜ್ವರ ಬಂದಾಗ ಥಾನನ್ನು ಮಂಚದ ಹತ್ತಿರ ಹೊತ್ತು ತಂದಿದ್ದೆವು. ನಿನ್ನೆ ಅಂಜಿನಪ್ಪ ಪಾಪ, "ಅಮ್ಮೋರು ಬರೋದು ಲೇಟಾಯ್ತದೆ, ನೀವೇ ಹಾಕ್ಬಿಡಿ ಸಾಹೇಬ್ರೇ, ಪ್ಲಾಸ್ಟಿಕ್ ತಾನೆ" ಎಂದ. ಅವನ ಮೇಲೆ ಕೂಗಾಡಿಬಿಟ್ಟೆ. ಆಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದೆ. ಪ್ಲಾಸ್ಟಿಕ್ಕೇ ನಿಜ. ಆದರೆ ಶಮ್ಶು, ನಾನೇ ಕತ್ತರಿ ಹಾಕಿದರೆ ನೀನು ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಅದಕ್ಕೆ ನನ್ನ ಕೈ ಏಳುತ್ತಿಲ್ಲ.

ಅಲ್ಫಿಯಾಳಿಗೆ ನಿನ್ನ ಅಗತ್ಯವಿಲ್ಲ ಎಂದು ನಾನು ಹೇಳುತ್ತಿಲ್ಲ. ನೀನು ಹೆತ್ತ ಮಗಳು, ಅವಳ ಕೂಸು, ಅದರ ಮುಂದೆ ಟೆಂಟು ಯಾವ ಲೆಕ್ಕ. ನೀನು ಅಲ್ಲಿ ಉಳಿಯುವುದೇ ಸರಿ ಎಂದು ಬೆಳಗ್ಗೆ ಅನ್ನಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಹೊದ್ದು ಕೂತ ನಿನ್ನ ಹೊಲಿಗೆ ಮೆಷಿನ್ನು ನೋಡಿದರೆ ಬೇರೆಯೇ ಅನ್ನಿಸುತ್ತದೆ. ಮಗುವನ್ನು ಇಲ್ಲಿಗೇ ತಂದರೆ ಹೇಗೆ ಎಂದೂ ಯೋಚಿಸಿದೆ. ಹಾಲು ಕುಡಿಯುವ ಕೂಸು, ಆಗದ ಮಾತು. ನೀನಿಲ್ಲದೆ ನನಗೆ ಆಗುತ್ತಿಲ್ಲ, ಅಷ್ಟೇ. ಫೋನಿನಲ್ಲಿ ಇದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ.

ಅಲ್ಫಿಯಾಳಿಗೂ ತಾಹಾನಿಗೂ ನನ್ನ ದುವಾ ತಿಳಿಸು. ಕೂಸಿನ ಹಣೆಗೆ ನನ್ನ ಲೆಕ್ಕದ ಮುತ್ತನ್ನು ನೀನೇ ಕೊಡು. ಅಲ್ಲಾಹ್ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ,
ಹಿದಾಯತುಲ್ಲಾ

ಮರೆತಿದ್ದೆ: ಈ ಕಾಗದದ ಜೊತೆ ಕಂಡಕ್ಟರ್ ಕಲ್ಲೇಶ್ ನಾಳೆ ಬೆಳಗ್ಗೆ ಒಂದು ಬಟ್ಟೆಗಂಟು ತರುತ್ತಾನೆ. ಒಳಗಿರುವುದು ಅಂಗಡಿಯ ಕತ್ತರಿ. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತೀಯಲ್ಲ, ಅದಕ್ಕೇ ಬಾಗಿಲ ಹತ್ತಿರ ನೆಲದ ಮೇಲಿಡಲು ಹೇಳಿದ್ದೇನೆ. ನಿನಗೆ ಬರಲಾಗದಿದ್ದರೆ ಸಂಜೆ ಅವನ ಬಸ್ಸು ಹಿಂದಿರುಗುವಾಗ ಗಂಟನ್ನು ಅವನ ಜೊತೆಗೇ ಕಳಿಸಿಬಿಡು. ನಾನು ಏನೂ ಕೇಳುವುದಿಲ್ಲ, ಬಿಸ್ಮಿಲ್ಲಾ ಎಂದು ನಾನೇ ಕತ್ತರಿಸುತ್ತೇನೆ. ನೀನೇ ತರುವುದಾದರೆ, ಒಂದೇ ದಿನದ ಮಟ್ಟಿಗಾದರೂ ಸರಿ, ಕಿಟಕಿ ಪಕ್ಕದ ಸೀಟು ಹಿಡಿ, ಬೀರೂರು ದಾಟಿದ ಮೇಲೆ ನಿನಗೆ ತಲೆ ಸುತ್ತುತ್ತದೆ. ಎರಡರಲ್ಲಿ ಯಾವುದು ಬಂದರೂ ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ.