ಶಾಲಿನ ಮೇಲಿನ ಬಿಳಿ ಗುರುತು

ಲಾಲ್‌ಬಾಗ್ ಕೆರೆಯ ದಂಡೆ
ಕ್ರಿ.ಶ. 2231, ಭಾದ್ರಪದ

ಹಾಂ, ನಿನ್ನೆ ಹೇಳುತ್ತಿದ್ದುದು ಮೂಸುಗಂಬದ ವಿಷಯ. ತೋಟದ ಬಾಗಿಲಲ್ಲಿ ನಿಂತು, ಹೊರಗೆ ಹೋಗುವವರ ಮೈಯಲ್ಲಿ ಹಕ್ಕಿಯ ವಾಸನೆ ಇದೆಯೇ ಎಂದು ಮೂಸುವ ಕಂಬ ಅದು. ಇನ್ನೂರು ವರ್ಷ ಹಿಂದಿರುವ ನಿಮಗೆ ನಮ್ಮ ಮಾತು ವಿಚಿತ್ರ ಅನಿಸಬಹುದು, ಕ್ಷಮಿಸಿ. ಕಾಲೇಜಿನ ಇಂಗ್ಲಿಷ್‌ನಲ್ಲಿ ಬರೆಯೋಣವೆಂದರೆ ‘ಡಿಯರ್ ಸರ್’ ಆದ ಮೇಲೆ ಮುಂದಿನದು ಮರೆತುಹೋಗಿದೆ.

ಹಕ್ಕಿಜ್ವರ ಬಂದುಹೋದ ಮೇಲೆ ನಮ್ಮ ಮರಗಳಲ್ಲಿರುವುದು ಕೀಲಿಹಕ್ಕಿಗಳು, ಅಂದರೆ ಯಂತ್ರದವು. ಬೆಳಿಗ್ಗೆ ಕೂಗುತ್ತವೆ, ಬಿಸಿಲೇರಿದರೆ ಬಂದ್. ಆದರೂ ನಾವು ಕೆಲವು ಮುದುಕರು ದುರ್ಬೀನು ಹಿಡಿದು ಬರುತ್ತೇವೆ. ಹ್ಯಾಬಿಟ್. ಜೀವದ ಹಕ್ಕಿ ಇದೆಯೆಂದು ಗೊತ್ತಾದರೆ ಶುಚಿದಳದವರು ಬಿಳಿಹೊಗೆ ಬಿಡುತ್ತಾರೆ. ಆಮೇಲೆ ಇಲ್ಲಿ ಇರುವೆಯೂ ಉಳಿಯುವುದಿಲ್ಲ.

ಈ ಬೆಳಿಗ್ಗೆ ಮಂಜು, ಸಣ್ಣ ಚಳಿ. ತೀರಿಕೊಂಡ ನನ್ನ ಹೆಂಡತಿ ಕುಮುದಾಳ ಶಾಲು ಹೊದ್ದು ಕೂತಿದ್ದೆ. ಅದರ ಅಂಚಿನಲ್ಲಿ ಅವಳ ತಲೆಯೆಣ್ಣೆಯ ಘಮ ಇನ್ನೂ ಇದೆ. ತಲೆಯ ಮೇಲಿನ ಕೊಂಬೆಗೆ ಬೂದು ಬೆನ್ನು, ಹಳದಿ ಹೊಟ್ಟೆಯ ಸಿಪಿಲೆ ಹಕ್ಕಿಯೊಂದು ಬಂದು ಬಾಲ ಕುಣಿಸಿತು. ಹೊಸ ಮಾಡೆಲ್ ಎಂದುಕೊಂಡೆ. ಅಷ್ಟರಲ್ಲಿ ಹೆಗಲ ಮೇಲೆ ಬೆಚ್ಚಗೆ ಏನೋ ಬಿತ್ತು.

ಪಕ್ಕದಲ್ಲಿದ್ದ ಗೆಳೆಯ ಅಬ್ಬಾಸ್ ಸಾಹೇಬರು ನಕ್ಕರು. “ಏನ್ರೀ ಮೇಷ್ಟ್ರೇ, ಕೀಲಿಹಕ್ಕಿಗೂ ಹೊಟ್ಟೆ ಕೆಡ್ತಾ?”

ನಗು ಅಲ್ಲಿಗೇ ನಿಂತಿತು. ಕೀಲಿಹಕ್ಕಿ ಏನೂ ತಿನ್ನುವುದಿಲ್ಲ.

“ಅಯ್ಯೋ, ಜೀವ ಇರೋದ್ರೀ ಇದು. ಗೇಟ್ ಕಡೆ ಮಾತ್ರ ಹೋಗ್ಬೇಡಿ,” ಎಂದು ಪಿಸುಗುಟ್ಟಿ, ನನ್ನನ್ನು ಮುಟ್ಟದೆ ಸರಸರ ಹೊರಟುಹೋದರು. ಅವರ ಮೇಲೆ ಕೋಪವಿಲ್ಲ. ಅವರೂ ಕಂಬ ದಾಟಬೇಕಲ್ಲ.

ಅಂದಿನಿಂದ, ಅಲ್ಲ, ಬೆಳಗಿನಿಂದ ಇಲ್ಲೇ ಕೂತಿದ್ದೇನೆ. ಯಾರ ಹೆಜ್ಜೆ ಸದ್ದಾದರೂ ಶಾಲಿನ ಗುರುತನ್ನು ಮಡಿಕೆಯೊಳಗೆ ಮುಚ್ಚುತ್ತೇನೆ. ಹಕ್ಕಿ ಎಲ್ಲಿಗೂ ಹೋಗಿಲ್ಲ. ದಡದ ಕಲ್ಲಿಂದ ಕಲ್ಲಿಗೆ ಹಾರುತ್ತಾ ಹುಳ ಹೆಕ್ಕುತ್ತಿದೆ, ದೂರದ ಪಯಣದ ಹಸಿವಿರಬೇಕು. ಶಾಲು ಹೊದ್ದು ಹೊರಟರೆ ಕಂಬ ಅರಚುತ್ತದೆ, ಬಿಳಿಹೊಗೆ ಬರುತ್ತದೆ. ಒಗೆದರೂ ಸಾಲದು, ಅದರ ಮೂಗು ಅಂಥದ್ದು. ಇಲ್ಲೇ ಬಿಟ್ಟುಹೋದರೆ ಯಾರ ಕೈಗಾದರೂ ಸಿಗುತ್ತದೆ; ಶಾಲಿಗೆ ಕಲ್ಲು ಕಟ್ಟಿ ಕೆರೆಗೆ ಬಿಡಬೇಕು. ಮಧ್ಯಾಹ್ನವೇ ಕಲ್ಲು ಹುಡುಕಿಟ್ಟೆ. ಕೈ ಬರಲಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಹೆಗಲ ಮೇಲೆ ಹೀಗೆ ಬಿದ್ದರೆ ಬೈಯಬೇಡಿ. ಒಮ್ಮೆ ಮೇಲೆ ನೋಡಿ.

ಅಕ್ಷರ ಮಸುಕಾಗುತ್ತಿದೆ, ಕಣ್ಣಲ್ಲ, ಬೆಳಕೇ ಇಳಿಯುತ್ತಿದೆ. ಬಾಗಿಲು ಹಾಕುವ ಗಂಟೆಯೂ ಆಯಿತು. ಇನ್ನೊಮ್ಮೆ ಅಂಚನ್ನು ಮೂಸಿ, ಕಲ್ಲಿಗೆ ಗಂಟು ಹಾಕುತ್ತೇನೆ.