ಎದುರುಬದುರು ಎರಡು ಅಂಗಡಿ

ಎದುರಂಗಡಿ ಸೆಲ್ವಣ್ಣನಿಗೆ,

ನಾನು ರತ್ನ. ಬೆಳಗ್ಗೆಯಿಂದ ಈ ಕಾಗದ ಬರೆಯೋಕೆ ಕೂರುವುದು, ಏಳುವುದು, ಬಾಗಿಲ ತನಕ ಹೋಗಿ ರಸ್ತೆ ನೋಡಿ ಬರುವುದು, ಇದೇ ಆಗಿದೆ. ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಹತ್ತಿರ ಒಂದು ಜಗಳ ಬಾಕಿ ಇದೆ. ಆಡೋಣ ಅಂದರೆ ನೀನಿಲ್ಲ.

ನೀನು ಗಾಜಿನ ಬಾಗಿಲು ಹಾಕಿಸಿದ ದಿನ ನೆನಪಿದೆಯಾ? ಅಲ್ಲಿಯ ತನಕ ನಾವಿಬ್ಬರೂ ಆಂಡರ್ಸನ್‌ಪೇಟೆಯ ಅದೇ ಬೀದಿಯ ಕಿರಾಣಿ ಅಂಗಡಿಯವರು. ನೀನು ಗೋಡೆ ಒಡೆಸಿ, ಟೈಲ್ಸ್ ಹಾಸಿ, ಸೂಪರ್ ಮಾರ್ಕೆಟ್ ಮಾಡಿಬಿಟ್ಟೆ. ನನ್ನ ಯಜಮಾನರಿಗೆ ಅವತ್ತು ಅನ್ನ ಇಳಿಯಲಿಲ್ಲ. ಸಾಲಸೋಲ ಮಾಡಿ ನಾವೂ ಟೈಲ್ಸ್ ಹಾಕಿಸಿದೆವು. ಆದರೆ ನಮ್ಮ ಜನ ಇದ್ದಾರಲ್ಲ! ನೆಲ ಹೊಳೆಯುತ್ತಿದೆ ಅಂತ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ದೇವಸ್ಥಾನಕ್ಕೆ ಬಂದಂತೆ ಒಳಗೆ ಬರುತ್ತಿದ್ದರು. ಬುಟ್ಟಿ ಕೈಗೆ ಕೊಟ್ಟರೆ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. "ಬೇಕಾದ್ದು ತಗೊಳ್ರಮ್ಮಾ" ಅಂದರೆ, "ಅಯ್ಯೋ, ನಾವ್ ಮುಟ್ಟಿದ್ರೆ ಚೆನ್ನಾಗಿರಲ್ಲಕ್ಕಾ, ನೀನೇ ಕೊಡು" ಅನ್ನುವರು. ಹೆಸರಿಗೆ ಸೂಪರ್ ಮಾರ್ಕೆಟ್, ಕಾಲು ಕೇಜಿ ಬೇಳೆಗೆ ಓಡಾಡುವವಳು ನಾನೇ.

ನಿನ್ನ ವ್ಯಾಪಾರ ಹೇಗಿದೆ ಅಂತ ನನಗೆ ತಿಳಿಯುತ್ತಿದ್ದದ್ದು ನಿನ್ನ ಬಾಗಿಲಲ್ಲೂ ಬೀಳುತ್ತಿದ್ದ ಚಪ್ಪಲಿಗಳಿಂದಲೇ. ನನ್ನದು ನಿನಗೂ ಹಾಗೇ ತಿಳಿದಿರಬೇಕು. ಒಂದು ಯುಗಾದಿಯ ಹಿಂದಿನ ದಿನ ನಿನ್ನ ಬಾಗಿಲಲ್ಲಿ ಚಪ್ಪಲಿ ರಾಶಿ, ಒಳಗೆ ಇಣುಕಿದರೆ ಅಷ್ಟು ಜನವೇ ಇಲ್ಲ! "ಮನೇಲಿರೋ ಚಪ್ಲಿ ಎಲ್ಲಾ ತಂದು ಸುರ್ದವ್ನೆ ನೋಡ್ರೋ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ನೀನು ಹೊರಗೆ ಬಂದು, "ಬೇಕಾದ್ರೆ ಒಂದ್ ಜೊತೆ ನೀನೂ ತಗೊಂಡೋಗಮ್ಮಾ, ನಿನ್ ಬಾಗ್ಲೂ ತುಂಬ್ಲಿ" ಅಂದೆ. ಆಟೋದವರೂ ನಕ್ಕರು. ಆ ಸಿಟ್ಟು ಇನ್ನೂ ಇಳಿದಿಲ್ಲ ನನಗೆ. ನಿಜ ಹೇಳು, ಮನೆಯದ್ದೇ ತಾನೇ ಅವು?

ಆಮೇಲೆ ಯಾವಾಗ ಕಡಿಮೆಯಾಯಿತು? ಒಂದು ದಿನ ಅಂತ ಹೇಳೋಕೆ ಬರುವುದಿಲ್ಲ. ಉರಿಗಾಂನಲ್ಲಿ ನಮ್ಮಂಥದ್ದೇ ಒಂದು ಅಂಗಡಿ ಮೊದಲು ಮುಚ್ಚಿತು. ಚಾಂಪಿಯನ್ ರೀಫ್ಸ್ ತಿರುವಿನವನು ರ‍್ಯಾಕುಗಳನ್ನು ಗುಜರಿಗೆ ಹಾಕಿದ. ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ಸಂಜೆ ಬಂಗಾರಪೇಟೆಯಲ್ಲಿ ರೈಲು ಇಳಿದು, ಅಲ್ಲಿನ ದೊಡ್ಡ ಮಳಿಗೆಯಲ್ಲಿ ಚೀಲ ತುಂಬಿಸಿಕೊಂಡು ಬಸ್ಸು ಹತ್ತಿ ಬರತೊಡಗಿದರು. ಮಿಕ್ಕವರು ಫೋನಿನಲ್ಲೇ ಮನೆಗೆ ತರಿಸಿಕೊಂಡರು. ನೆಂಟರು ಬಂದು ಸಕ್ಕರೆ ಮುಗಿದಿದ್ದರೆ ಮಾತ್ರ ನಾವು ನೆನಪಾಗುತ್ತಿದ್ದೆವು. ಯಾರನ್ನು ಬೈಯುವುದು? ನಾನೇ ಒಂದು ಸಲ ಬಂಗಾರಪೇಟೆಯ ಆ ಮಳಿಗೆಗೆ ಹೋಗಿದ್ದೆ, ತಣ್ಣಗೆ ಚೆನ್ನಾಗಿಯೇ ಇತ್ತು. ಹೊಟ್ಟೆ ಉರಿದುಹೋಯಿತು.

ಕಳೆದ ಆಷಾಢದಲ್ಲಿ ನೀನು ಅಕ್ಕಿ ಮೂಟೆ ಇಳಿಸುತ್ತಾ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನಿನ್ನನ್ನು ನೋಡಲು ಬಂದ ಜನರ ಚಪ್ಪಲಿ ರಸ್ತೆ ದಾಟಿ ನನ್ನ ಮೆಟ್ಟಿಲ ತನಕ ಬಂದಿತ್ತು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಕೋಪ ಬಂತು. ಇಷ್ಟು ಜನ ಎಲ್ಲಿದ್ದರು? ಇವರು ತಿಂಗಳಿಗೊಂದು ಸಲ ಬಂದು ಒಂದು ಸೋಪು ಕೊಂಡಿದ್ದರೂ ಮೂಟೆ ಎತ್ತೋಕೆ ನೀನು ಒಂದು ಆಳಾದರೂ ಇಟ್ಟುಕೊಳ್ಳುತ್ತಿದ್ದೆ, ಈ ವಯಸ್ಸಿನಲ್ಲಿ ನೀನೇ...

ಮೊನ್ನೆ ಮೊನ್ನೆ ನನ್ನ ಅಂಗಡಿ ಕಟ್ಟಡದ ಮಾಲೀಕರು ಬಂದು ಜಾಗ ಖಾಲಿ ಮಾಡು ಅಂದರು. ಮೊಬೈಲ್ ಅಂಗಡಿಯವರು ಕೇಳುತ್ತಿದ್ದಾರಂತೆ. ಬಂಗಾರಪೇಟೆ ಹತ್ತಿರದ ಊರಲ್ಲಿರುವ ನನ್ನ ತಮ್ಮ ಫೋನು ಮಾಡಿ, "ಬಂದ್ಬುಡಕ್ಕಾ, ಎರಡು ಸೀಮೆಹಸ ನೋಡ್ಕೊಂಡು ಆರಾಮಾಗಿರು" ಅಂದ. ಹಸು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಹಸು ಬಂದು "ಕೊತ್ತಂಬರಿ ಬಾಡಿದೆಯಲ್ಲಕ್ಕಾ" ಅಂತ ಚೌಕಾಸಿ ಮಾಡುತ್ತದಾ? ಇಡೀ ದಿನ ಮೂರು ಭಾಷೆಯಲ್ಲಿ ಬಾಯಿ ಮಾಡಿ ಬದುಕಿದವಳು, ಅಲ್ಲಿ ಹೋಗಿ ಸಗಣಿ ಬಾಚುತ್ತಾ ಯಾರ ಹತ್ತಿರ ಮಾತಾಡಲಿ? ಹೋಗದೆ ಇದ್ದರೆ ಏನು ತಿನ್ನಲಿ? ಇದೇ ಗುಂಗಿನಲ್ಲಿ ಖಾಲಿ ರ‍್ಯಾಕುಗಳ ನಡುವೆ ಶತಪಥ ತಿರುಗಿದೆ.

ಆಗ ನಿನ್ನ ಹೆಂಡತಿ ವಸಂತಕ್ಕ ಬಂದರು. ಅವರು ನನ್ನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. "ನಮ್ದು ಸ್ವಂತ ಕಟ್ಟಡ, ಬಾಡ್ಗೆ ಇಲ್ಲ. ನಂಗೆ ಯಾಪಾರ ಬರಲ್ಲ. ನಿನ್ ಸಾಮಾನು ತಂದಾಕು ರತ್ನಾ, ಇಬ್ರೂ ಸೇರಿ ನಡ್ಸಾಣ" ಅಂದರು. ನಾನು ಎಗರಿಬಿದ್ದೆ. "ಎದುರಂಗ್ಡಿಗೆ ನಾನಾ? ಆಯಪ್ಪ ನನ್ನ ದಿನಾ ಸೋಲಿಸಿದ್ದು ಸಾಲ್ದಾ? ನಾನ್ ಬಾಗ್ಲಾಕೋ ಗಂಟ ತಾನ್ ಆಕ್ತಿರ್ಲಿಲ್ಲ. ಕೊನೇ ಗಿರಾಕಿನೂ ತನಗೇ ಬೇಕಾಗಿತ್ತು!" ಅಂದೆ.

ಸುಳ್ಳಾ? ನನ್ನ ಯಜಮಾನರು ತೀರಿಕೊಂಡ ಮೇಲೆ ನೀನು ಮೊದಲು ಶಟರ್ ಎಳೆಯಲಿ ಅಂತ ನಾನು ಹಟ ಹಿಡಿದು ಕೂರುತ್ತಿದ್ದೆ. ನೀನು ಎದುರಿಗೆ ನಿನ್ನ ಕುರ್ಚಿಯಲ್ಲಿ ಅಲ್ಲಾಡದೆ ಕೂತಿರುತ್ತಿದ್ದೆ. ಗಿರಾಕಿಯಿಲ್ಲ, ಏನಿಲ್ಲ, ಇಬ್ಬರೂ ಸೊಳ್ಳೆ ಹೊಡೆಯುವುದು. ಸೊಂಟ ನೋವಿಗೆ ಸೋತು ಮೊದಲು ಏಳುತ್ತಿದ್ದವಳು ನಾನು.

ವಸಂತಕ್ಕ ನನ್ನ ಮುಖ ನೋಡಿದರು. "ಗಿರಾಕಿಗಾ? ಅಯ್ಯೋ ಹುಚ್ಚೀ! ನಾನು ಅನ್ನ ಆರೋಗ್ತದೆ ಬಾರಯ್ಯಾ ಅಂದ್ರೆ, 'ಪಾವಂ, ಪಾಪ ಆಯಮ್ಮ ಒಂಟಿಯಾಗಿ ಬಾಗ್ಲಾಕ್ತದೆ, ಪಕ್ಕದಲ್ಲೇ ಬ್ರಾಂದಿ ಅಂಗ್ಡಿ. ಆಯಮ್ಮ ಮನೆ ಸೇರ್ಲಿ, ಆಮ್ಯಾಕೆ ಬತ್ತೀನಿ' ಅನ್ನೋರು. ಸಾರು ಬಿಸಿ ಮಾಡಿ ಮಾಡಿ ನಂಗೆ ಸಾಕಾಗೋಗಿತ್ತು."

ಯಾಕೆ ಹೇಳಲಿಲ್ಲ ಸೆಲ್ವಣ್ಣ? ನಾನು ಬಾಗಿಲು ಹಾಕಲಿ ಅಂತ ನೀನು, ನೀನು ಹಾಕಲಿ ಅಂತ ನಾನು! ಒಂದು ಮಾತು ಆಡಿದ್ದರೆ ಇಬ್ಬರೂ ಹೊತ್ತಿಗೆ ಸರಿಯಾಗಿ ಮನೆ ಸೇರಿ ಬಿಸಿ ಅನ್ನ ಉಣ್ಣುತ್ತಿದ್ದೆವು. ನಿನ್ನ ಎದೆಗೂ ಅಷ್ಟು ಆಯಾಸ... ಬೇಡ, ಆ ಲೆಕ್ಕಕ್ಕೆ ಹೋಗುವುದಿಲ್ಲ. ಇದೇ ನೋಡು ನಿನ್ನ ಜೊತೆ ಬಾಕಿ ಇರುವ ಜಗಳ. ವಸಂತಕ್ಕ ಹೋದ ಮೇಲೆ ಅತ್ತೆ. ನೀನು ಹೋದ ದಿನ ಬಾರದ ಅಳು ಅವತ್ತು ಬಂತು.

ತಮ್ಮನಿಗೆ ಬರುವುದಿಲ್ಲ ಅಂತ ಹೇಳಿಬಿಟ್ಟೆ. ಉಳಿದ ಸಾಮಾನನ್ನು ರಸ್ತೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿದ್ದಾಯಿತು. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಇವತ್ತು ಬೆಳಗ್ಗೆ ಪೂಜೆ ಮಾಡಿ ಬಾಗಿಲು ತೆಗೆದೆವು. ಮೊದಲು ಬಂದವಳು ಚಾಂಪಿಯನ್ ರೀಫ್ಸ್ ಕಡೆಯ ಮುನಿಯಮ್ಮ, ನಮ್ಮಿಬ್ಬರ ಬೀದಿಜಗಳ ಕೇಳಿ ಕೇಳಿ ಮುದುಕಿಯಾದವಳು. ನನ್ನನ್ನು ಇಲ್ಲಿ ಕಂಡು ಬಾಯಿಬಿಟ್ಟುಕೊಂಡು ನಿಂತಳು.

"ಇದೇನಕ್ಕಾ, ಎದುರಂಗ್ಡೀನೂ ನೀನೇ ತಗೊಂಡ್ಬುಟ್ಟಾ? ಯಾರ್ದೀಗ ಇದು?"

ನಿನ್ನ ಹೆಸರು ನನ್ನ ಬಾಯಲ್ಲಿ ಒಂದು ದಿನವೂ ಬಂದದ್ದಲ್ಲ. ಇವತ್ತು ಹೇಳಿದೆ:

"ನಮ್ ಸೆಲ್ವಣ್ಣಂದು ಕಣಮ್ಮಾ. ನಾನ್ ನೋಡ್ಕೊಂತಿದೀನಿ."

ರತ್ನ