ಅಕ್ಕನ ಬೆರಳು ಜೋಮು ಹಿಡಿದದ್ದು ಕುಷ್ಠದಿಂದಲ್ಲ

ಜೀಪಿನಿಂದ ಇಳಿಯದೆಯೇ ರೋಗ ಪತ್ತೆಹಚ್ಚಬಲ್ಲ ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅಕ್ಕ ಚಿಕ್ಕಮಾದಮ್ಮನಿಗೆ ಕುಷ್ಠವಿಲ್ಲ. ಇದೆಯೆಂದು ನೀವು ಕಿರುಗಾವಲಿನ ಬೀದಿಯಲ್ಲಿ ಸಾರಿದ್ದು ತಪ್ಪು. ಆ ತಪ್ಪು ಈಗ ಅವಳ ಪ್ರಾಣಕ್ಕೆ ಬಂದಿದೆ.

ಅಕ್ಕ ರೇಷ್ಮೆ ನೂಲು ಬಿಚ್ಚುವವಳು. ಎಪ್ಪತ್ತೈದನೇ ಇಸವಿಯಲ್ಲಿ ಅವಳ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಬೆಂಗಳೂರಿನ ಆಸ್ಪತ್ರೆಯವರು ಕ್ಯಾನ್ಸರ್ ಎಂದರು, ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ಕೊಟ್ಟರು. ಗಂಟು ಕರಗಿತು. ಆದರೆ ಬೆರಳು ಜೋಮು ಹಿಡಿದವು, ನಡೆದರೆ ಪಾದ ಎಳೆಯತೊಡಗಿತು. ಒಂದು ದಿನ ಗೂಡು ಬೇಯಿಸುವ ಕುದಿನೀರಿಗೆ ಕೈ ಅದ್ದಿ, ಹಾಗೇ ಮಾತಾಡುತ್ತ ಕೂತಿದ್ದಳಂತೆ. ಪಕ್ಕದಲ್ಲಿ ಕೆಲಸ ಮಾಡುವ ಪಟ್ಟಲಮ್ಮ "ಅಯ್ಯೋ, ಕೈ ಬೇಯ್ತಾ ಅದೆ ಕಣಮ್ಮ!" ಎಂದು ಕಿರುಚಿ ಎಳೆಯಬೇಕಾಯಿತು.

ನೀವು ಜೀಪಿನಿಂದ ಕಂಡದ್ದು ಆ ಸುಟ್ಟ ಬೊಬ್ಬೆಗಳನ್ನು. "ಸ್ಪರ್ಶ ಇಲ್ವಾ? ಹಾಗಾದ್ರೆ ಕುಷ್ಠ. ಇವಳನ್ನ ಕೆಲಸಕ್ಕೆ ಸೇರಿಸಬೇಡಿ" ಎಂದಿರಿ. ಅಕ್ಕ ಕೈ ಚಾಚಿ "ವಸಿ ಮುಟ್ ನೋಡಿ ಸ್ವಾಮಿ" ಎಂದಾಗ ಡ್ರೈವರಿಗೆ ಹೊರಡಲು ಹೇಳಿದಿರಿ. ಕುಷ್ಠವೇ ಆಗಿದ್ದರೂ ಅದಕ್ಕೆ ಮದ್ದಿದೆ. ಬೀದಿಯಲ್ಲಿ ಕೂಗಿದರೆ ವಾಸಿಯಾಗುವ ಕಾಯಿಲೆ ಯಾವುದಿದೆ, ದಯವಿಟ್ಟು ತಿಳಿಸುವಿರಾ?

ನಾನು ಬೆಂಗಳೂರಿಗೆ ಹೋಗಿ ಆ ಇಂಜೆಕ್ಷನ್ ಕೊಟ್ಟ ಡಾಕ್ಟರನ್ನೇ ಕೇಳಿದೆ. ನರದ ಜೀವಕೋಶದ ಬುಡ ಇರುವುದು ಬೆನ್ನುಹುರಿಯ ಬಳಿ, ಅದರ ಎಳೆ ಚಾಚಿರುವುದು ಬೆರಳ ತುದಿಯವರೆಗೆ. ಬುಡದಲ್ಲಿ ತಯಾರಾದ ಪೋಷಣೆ ಎಳೆಯೊಳಗಿನ ಸೂಕ್ಷ್ಮ ನಳಿಗೆಗಳ ಜಾಡು ಹಿಡಿದು ತುದಿ ಮುಟ್ಟಬೇಕು. ಕ್ಯಾನ್ಸರ್ ಕೋಶ ಒಂದು ಎರಡಾಗುವುದಕ್ಕೂ ಅಂಥವೇ ನಳಿಗೆಗಳು ಬೇಕು. ಮದ್ದು ಅವನ್ನು ಕೆಡಿಸುವಾಗ ನರದವೂ ಕೆಡುತ್ತವೆ, ಸಾಗಣೆ ಕುಂಠಿತವಾಗುತ್ತದೆ, ದೂರದ ತುದಿಗಳು ಮೊದಲು ಸೊರಗುತ್ತವೆ. ನಾಲೆಯ ಕೊನೆಯ ಗದ್ದೆ ಮೊದಲು ಒಣಗುವುದನ್ನು ಕಂಡ ಮಂಡ್ಯದ ಸೀಮೆಯವರಿಗೆ ಇದು ಅರ್ಥವಾಗದ ಮಾತೇ? "ಪ್ರಮಾಣ ಇಳಿಸಿದರೆ ನಿಧಾನವಾಗಿ ಸರಿಹೋಗಬಹುದು. ಮದ್ದು ಮಾತ್ರ ಬಿಡಿಸಬೇಡಿ" ಎಂದರು ಡಾಕ್ಟರು.

ಇದನ್ನೇ ನಿಮ್ಮ ಕಚೇರಿಗೆ ಬಂದು ಹೇಳಿದೆ. "ಮೇಷ್ಟ್ರೇ, ಪಾಠ ಮಕ್ಕಳಿಗೆ ಮಾಡಿ" ಎಂದು ನಕ್ಕಿರಿ.

ಅಷ್ಟರಲ್ಲಿ ಅಕ್ಕನ ಕೆಲಸ ಹೋಯಿತು. ತುಂಬು ಬಸುರಿ ಮಗಳನ್ನು ಬೆಸಗರಹಳ್ಳಿಯ ಬೀಗರು ಬಾಣಂತನಕ್ಕೆ ಕಳಿಸಲೊಲ್ಲರು. ಗಂಟು ಮತ್ತೆ ಕೈಗೆ ಸಿಗುತ್ತಿದೆ. ಇದು ಕುಷ್ಠವಲ್ಲ ಎಂದು ಹೇಳಿ ಆಸ್ಪತ್ರೆಗೆ ಕರೆದರೂ ಅಕ್ಕ ಏಳುವುದಿಲ್ಲ.

"ಆ ಸೂಜಿ ಚುಚ್ಚುಸ್ಕಂಡೇ ಈ ಕುಷ್ಠದ ಎಸರು ಬಂದದ್ದು. ಗಂಟಾದ್ರೆ ನಾನೊಬ್ಳೇ ಓಯ್ತೀನಿ. ಈ ಎಸರು ನನ್ ಮಗಳ ಬಾಳು ತಿಂತದೆ. ಬುಟ್ಬುಡ್ಲಾ ನನ್ನ" ಎನ್ನುತ್ತಾಳೆ.

ಗುರುವಾರ ಇಂಜೆಕ್ಷನ್ನಿನ ದಿನ. ಅದಕ್ಕೆ ಮುಂಚೆ ಬನ್ನಿ. ಬೀದಿಯವರೆಲ್ಲ ನೋಡುವಂತೆ ಅವಳ ಕೈ ಹಿಡಿದು, ಇದು ಮದ್ದಿನ ಪರಿಣಾಮ, ನಾನು ಹೇಳಿದ್ದು ತಪ್ಪಾಯಿತು ಎನ್ನಿ. ಒಡಹುಟ್ಟಿದವನ ಮಾತು ನಂಬದವಳು ನಿಮ್ಮ ಮಾತು ನಂಬುತ್ತಾಳೆ. ಮೊದಲ ಸಲವೂ ನಂಬಿದ್ದಳಲ್ಲ.

ಇಂತಿ,
ನರಮಂಡಲದ ಪಾಠ ಹೇಳಿ ಸಂಬಳ ಪಡೆಯುವ, ಸ್ವಂತ ಅಕ್ಕನನ್ನು ಬಸ್ಸು ಹತ್ತಿಸಲಾರದ
ಕೆಂಪಸಿದ್ದಯ್ಯ, ಕಿರುಗಾವಲು